ಮೈಲೇಜ್ ಮೀಮಾಂಸೆ

ಶಾಸ್ತ್ರಗ್ರಂಥವೆಂದ ಮೇಲೆ ಅನುಬಂಧ ಚತುಷ್ಟಯವನ್ನು ಹೇಳಿಯೇ ಮುಂದಡಿ ಇಡಬೇಕು. ವಿಷಯ: 2024ರ ಮೇ ತಿಂಗಳಲ್ಲಿ ಹೊಸ ರೂಪದಲ್ಲಿ ಬಂದ ಸ್ವಿಫ್ಟ್ ಕಾರನ್ನು ಮನೆಗೆ ತಂದವರ ಮೊದಮೊದಲ ಅನುಭವ. ಪ್ರಯೋಜನ: ಕಂಡುಬಂದಿಲ್ಲ. ಸಂಬಂಧ: ಲೇಖಕನ ನೆಂಟರಿಷ್ಟರಲ್ಲಿ ಈ ಕಾರು ಕೊಂಡವರು ವಿಪರೀತ ಇರುವುದು. ಇನ್ನು ಅಧಿಕಾರಿ, ಎಂದರೆ ಇದನ್ನು ಓದಲು ಅರ್ಹನಾದವನು ಯಾರೆಂದರೆ, ಕಾರು ಕೊಂಡು ಸಾಲದ ಮೊದಲ ಕಂತು ಕಟ್ಟಿದವನು. ಇಲ್ಲವೇ, ತಾನು ಕೊಳ್ಳದೆ ಕೊಳ್ಳುವವರಿಗೆಲ್ಲ ಸಲಹೆ ಕೊಡುತ್ತಲೇ ಆಯುಷ್ಯ ಕಳೆದವನು. ಎರಡನೆಯ ವರ್ಗದವರೇ ನಮ್ಮ ಮುಖ್ಯ ಓದುಗರು.

ಕಾಲನಿರ್ಣಯದಲ್ಲಿ ವಿದ್ವಾಂಸರ ನಡುವೆ ಜಗಳವಿಲ್ಲ. ನಮ್ಮ ದೇಶದಲ್ಲಿ ಸ್ವಿಫ್ಟಿಗೆ ಈವರೆಗೆ ನಾಲ್ಕು ಯುಗ: 2005, 2011, 2018 ಮತ್ತು 2024. ಕೃತಯುಗದಲ್ಲಿ ಧರ್ಮ ನಾಲ್ಕು ಕಾಲಿನ ಮೇಲೆ ನಿಂತಿತ್ತು, ಯುಗಕ್ಕೊಂದು ಕಾಲು ಕಳೆದುಕೊಂಡು ಕಲಿಯಲ್ಲಿ ಒಂಟಿಕಾಲಿಗೆ ಬಂತು ಎನ್ನುತ್ತವೆ ಪುರಾಣಗಳು. ಈ ಕಾರಿನ ಎಂಜಿನ್ನು ಮೂರು ಯುಗಗಳ ಕಾಲ ನಾಲ್ಕು ಸಿಲಿಂಡರಿನ ಮೇಲೆ ನಿಂತು ನಾಲ್ಕನೆಯದರಲ್ಲಿ ಮೂರಕ್ಕೆ ಇಳಿದಿದೆ. ಪುರಾಣದ ದರ ನೋಡಿದರೆ ಕಂಪನಿಯವರು ಎರಡು ಕಾಲು ಉಳಿಸಿಕೊಟ್ಟಿದ್ದಾರೆ, ದೊಡ್ಡ ಮನಸ್ಸು. ಹಳೆಯ ಎಂಜಿನ್ 90 ಪಿಎಸ್, ಹೊಸದು 82. ಗಾತ್ರ ಎರಡರದೂ 1197 ಸಿಸಿ. ಆದರೆ ಕಂಪನಿ ಘೋಷಿಸುವ ಮೈಲೇಜು, ಕೈಯಲ್ಲಿ ಗೇರ್ ಹಾಕುವ ಮಾದರಿಯಲ್ಲಿ, ಲೀಟರಿಗೆ 22.38 ಕಿಲೋಮೀಟರ್ ಇದ್ದದ್ದು 24.8ಕ್ಕೆ ಏರಿದೆ. ಬಲ ಇಳಿದು ಫಲ ಏರಿದರೆ ಅದನ್ನು ನಮ್ಮ ಹಿರಿಯರು ತಪಸ್ಸು ಎಂದು ಕರೆಯುತ್ತಿದ್ದರು.

ತಪಸ್ಸಿಗೆ ದೇಹ ನಡುಗುವುದು ಸಹಜ. ಮೂರು ಸಿಲಿಂಡರಿನ ಎಂಜಿನ್‌ಗೆ ಹುಟ್ಟಿನಿಂದಲೇ ಸಮತೋಲ ಸ್ವಲ್ಪ ಕಡಿಮೆ. ಸಿಗ್ನಲ್ಲಿನಲ್ಲಿ ನಿಂತಾಗ ಸ್ಟಿಯರಿಂಗ್ ಹಿಡಿದ ಅಂಗೈಗೆ ಅದು ಸಣ್ಣಗೆ ಗೊತ್ತಾಗುತ್ತದೆ. ಎಂಟು ಸಾತ್ತ್ವಿಕ ಭಾವಗಳಲ್ಲಿ ಇದಕ್ಕೆ ವೇಪಥು ಎಂದು ಹೆಸರು. ಒಡೆಯನಿಗೆ ಇದು ಮೊದಲ ದಿನವೇ ತಿಳಿದಿರುತ್ತದೆ. ಆದರೆ ಪಕ್ಕದಲ್ಲಿ ಕುಳಿತ ಹೆಂಡತಿಯ ತಮ್ಮ, "ಏನೋ ವೈಬ್ರೇಷನ್ ಬರ್ತಿದೆಯಲ್ಲ ಭಾವ?" ಎಂದರೆ, "ರೋಡ್ ಸರಿ ಇಲ್ಲ ಕಣಯ್ಯ" ಎನ್ನುತ್ತಾನೆ. ಕಾರು ನಿಂತೇ ಇದೆ ಎಂಬ ಅಂಶವನ್ನು ತಮ್ಮ ಎತ್ತುವುದಿಲ್ಲ. ಅಕ್ಕನ ಮನೆಯ ಊಟ ಇನ್ನೂ ಬಾಕಿ ಇರುತ್ತದೆ.

ಆಕರಗಳ ವಿಷಯಕ್ಕೆ ಬರೋಣ. ಕ್ಷೇತ್ರಕಾರ್ಯದಲ್ಲಿ ಸಿಕ್ಕ ಭೌತಿಕ ಸಾಕ್ಷ್ಯಗಳು ಹಲವು: ಟೈರಿನ ಗೆರೆಗಳಲ್ಲಿ ಒಣಗಿದ ನಿಂಬೆಹಣ್ಣಿನ ಬೀಜ, ಬಾನೆಟ್ಟಿನ ಸಂದಿಯಲ್ಲಿ ಎಷ್ಟು ತೊಳೆದರೂ ಹೋಗದ ಕುಂಕುಮ, ಶೋರೂಮಿನಲ್ಲಿ ಹಲಗೆಯಂಥ ದೊಡ್ಡ ಬೀಗದ ಕೈ ಹಿಡಿದು ಇಡೀ ಸಂಸಾರ ಒಂದೇ ಕಡೆ ನೋಡುತ್ತಿರುವ ಫೋಟೊ. ಇವೆಲ್ಲಕ್ಕಿಂತ ಮಹತ್ವದ್ದು ಸೀಟಿನ ಮೇಲಿನ ಪ್ಲಾಸ್ಟಿಕ್ಕು. ಕಾರಿನ ವಯಸ್ಸನ್ನು ನಿರ್ಧರಿಸಲು ಆರ್‌ಸಿ ಪುಸ್ತಕಕ್ಕಿಂತ ಇದು ನಂಬಿಕಸ್ಥ. ತಿಂಗಳೊಳಗಿನ ಪ್ಲಾಸ್ಟಿಕ್ಕು ಪಳಪಳ ಎನ್ನುತ್ತದೆ. ಆರು ತಿಂಗಳದ್ದು ಅಂಚಿನಲ್ಲಿ ಹರಿದು ಬೆವರಿದ ತೊಡೆಗೆ ಅಂಟುತ್ತದೆ. ವರ್ಷ ದಾಟಿದ್ದು ಇದ್ದರೆ ಆ ಮನೆಯ ಟಿವಿ ರಿಮೋಟನ್ನು ಪರೀಕ್ಷಿಸತಕ್ಕದ್ದು, ಅದರ ಮೇಲೂ ಕವರ್ ಸಿಗುತ್ತದೆ.

ಪಾಠಸಂಪಾದನೆಯ ದೃಷ್ಟಿಯಿಂದ ಹಿಂಬಾಗಿಲ ಹಿಡಿಕೆ ಒಂದು ಸ್ವತಂತ್ರ ಗ್ರಂಥಕ್ಕೆ ವಸ್ತು. 2018ರ ಆವೃತ್ತಿಯಲ್ಲಿ ಅದನ್ನು ಹಿಂದಿನ ಕಿಟಕಿಯ ಪಕ್ಕದ ಕಂಬದಲ್ಲಿ, ಕಪ್ಪು ಪ್ಲಾಸ್ಟಿಕ್ಕಿನೊಳಗೆ ಕಪ್ಪಾಗಿ ಅಡಗಿಸಿದ್ದರು. ದೂರದಿಂದ ನೋಡಿದವರಿಗೆ ಎರಡೇ ಬಾಗಿಲಿನ ಓಟದ ಕಾರು ಅನ್ನಿಸಲಿ ಎಂಬುದು ಕವಿಯ ಆಶಯ. ಹತ್ತಿರದಿಂದ ನೋಡಿದ ಸೋದರತ್ತೆಗೂ ಹಾಗೆಯೇ ಅನ್ನಿಸಿತು. ರೇಷ್ಮೆ ಸೀರೆ ಉಟ್ಟು, ಒಂದು ಕೈಯಲ್ಲಿ ಉಡುಗೊರೆ ಹಿಡಿದು, ಇನ್ನೊಂದು ಕೈಯಿಂದ ಬಾಗಿಲನ್ನೆಲ್ಲ ಸವರಿ, "ಇದೇನೋ, ಹಿಂದುಗಡೆ ಬಾಗ್ಲೇ ತೆಗೆಯೋಹಾಗಿಲ್ವಲ್ಲೋ" ಎಂದು ಅವರು ಕೂಗಿದ್ದನ್ನು ಮೌಖಿಕ ಪರಂಪರೆಯಲ್ಲಿ ಹಲವು ಕುಟುಂಬಗಳು ಕಾಪಾಡಿಕೊಂಡಿವೆ. 2024ರಲ್ಲಿ ಹಿಡಿಕೆ ಬಾಗಿಲಿಗೇ ವಾಪಸು ಬಂದಿದೆ. ನಡುವಿನ ಪಾಠ ಪ್ರಕ್ಷಿಪ್ತವೆಂದು ಸಂಪಾದಕರೇ ಒಪ್ಪಿಕೊಂಡಂತಾಯಿತು. ಹಳೆಯ ಸ್ವಿಫ್ಟ್ ಕೊಟ್ಟು ಹೊಸದು ತಂದ ಮನೆಗಳಲ್ಲಿ ಮಾತ್ರ ಸೋದರತ್ತೆ ಈಗಲೂ ಕಂಬಕ್ಕೇ ಕೈ ಹಾಕುತ್ತಾರೆ. ಅಷ್ಟು ಕಷ್ಟಪಟ್ಟು ಕಲಿತ ವಿದ್ಯೆ, ಬಿಡು ಎಂದರೆ ಬಿಡಲಾದೀತೆ?

ಪ್ರಮಾಣವಿಚಾರದಲ್ಲೂ ಈ ಕಾರಿನ ಕೊಡುಗೆ ಉಂಟು. ಮೇಲ್ದರ್ಜೆಯ ಮಾದರಿಯಲ್ಲಿ ರಿವರ್ಸ್ ಗೇರ್ ಹಾಕಿದೊಡನೆ ಒಂಬತ್ತಿಂಚಿನ ಪರದೆಯ ಮೇಲೆ ಹಿಂದಿನ ಕಾಂಪೌಂಡು, ಹೂಕುಂಡ, ಮಲಗಿದ ನಾಯಿ ಎಲ್ಲ ಮೂಡುತ್ತವೆ. ಇದು ಪ್ರತ್ಯಕ್ಷ. ಅದೇ ಹೊತ್ತಿಗೆ ಎದುರುಮನೆಯ ನಿವೃತ್ತ ಮೇಷ್ಟ್ರು ಪಂಚೆ ಎತ್ತಿ ಕಟ್ಟಿ, ಕಾರಿನ ಹಿಂದೆ ಬಂದು ನಿಂತು, "ಬರ್ಲಿ, ಬರ್ಲಿ, ಬರ್ಲಿ... ಸ್ವಲ್ಪ ಲೆಫ್ಟ್ ಕಟ್ ಮಾಡಿ... ಬರ್ಲಿ" ಎನ್ನತೊಡಗುತ್ತಾರೆ. ಇದು ಶಬ್ದ. ಎರಡಕ್ಕೂ ವಿರೋಧ ಬಂದರೆ ಯಾವುದು ಪ್ರಬಲ? ಪರದೆಯ ತುಂಬ ಮೇಷ್ಟ್ರ ಪಂಚೆಯೇ ಕಾಣುತ್ತಿರುವುದರಿಂದ ಪ್ರತ್ಯಕ್ಷಕ್ಕೆ ಬಾಧೆ ಉಂಟಾಗಿ ಶಬ್ದವೇ ಗೆಲ್ಲುತ್ತದೆ. ಆಮೇಲೆ ಬರುವ "ಸಾಕ್ ಸಾಕ್ ಸಾಕ್" ಎಂಬ ವಾಕ್ಯವನ್ನು ವಿಧಿ ಎಂದು ಕೆಲವರು ಭಾವಿಸಿದ್ದಾರೆ. ಅದು ಸರಿಯಲ್ಲ. ಹೂಕುಂಡ ಒಡೆದ ಸದ್ದಿನ ಮರುಕ್ಷಣ ಹುಟ್ಟುವ ವಾಕ್ಯವಾದ್ದರಿಂದ, ಆಗಲೇ ತಿಳಿದದ್ದನ್ನು ಮತ್ತೊಮ್ಮೆ ಹೇಳುವ ವಾಕ್ಯಗಳ ಗುಂಪಿಗೆ ಅದನ್ನು ಸೇರಿಸಬೇಕು.

ಈಗ ಶಾಸ್ತ್ರದ ಹೃದಯಕ್ಕೆ ಬಂದೆವು. ಹೊಸ ಕಾರು ತಂದವನಿಗೆ ಲೋಕ ಕೇಳುವ ಪ್ರಶ್ನೆ ಮೂರೇ: "ಆನ್‌ರೋಡ್ ಎಷ್ಟು ಬಿತ್ತು?", "ಸ್ವೀಟ್ ಎಲ್ಲಿ?", "ಎಷ್ಟು ಕೊಡುತ್ತೆ?" ಮೊದಲೆರಡನ್ನು ಒಂದು ಸಂಖ್ಯೆ, ಒಂದು ಮೈಸೂರುಪಾಕಿನಲ್ಲಿ ಮುಗಿಸಬಹುದು. ಮೂರನೆಯದು ಕಾರು ಮಾರುವ ತನಕ ಬಿಡುವುದಿಲ್ಲ. ಹಾಗಾದರೆ ಈ ಮೈಲೇಜು ಎಂಬ ಪದಾರ್ಥ ಇರುವುದು ಎಲ್ಲಿ? ಕಾರಿನಲ್ಲೋ, ರಸ್ತೆಯಲ್ಲೋ, ಆಕ್ಸಿಲರೇಟರ್ ತುಳಿಯುವ ಪಾದದಲ್ಲೋ? ರಸ ಎಲ್ಲಿರುತ್ತದೆ ಎಂದು ಕಾಶ್ಮೀರದ ಪಂಡಿತರು ಸಾವಿರ ವರ್ಷದ ಹಿಂದೆ ಇದೇ ಬಗೆಯಲ್ಲಿ ತಲೆ ಕೆಡಿಸಿಕೊಂಡಿದ್ದರು. ತೀ.ನಂ. ಶ್ರೀಕಂಠಯ್ಯನವರ ‘ಭಾರತೀಯ ಕಾವ್ಯಮೀಮಾಂಸೆ’ಯನ್ನು ಪರೀಕ್ಷೆಗಾಗಿ ಓದಿದವರಿಗೆ ಆ ನಾಲ್ವರ ಹೆಸರು ಇನ್ನೂ ನೆನಪಿರುತ್ತದೆ, ಯಾರು ಏನು ಹೇಳಿದರೆಂಬುದು ಮರೆತಿರುತ್ತದೆ. ಮೈಲೇಜಿಗೆ ಹಚ್ಚಿ ಓದಿದರೆ ಮರೆಯುವ ಭಯವಿಲ್ಲ.

ಭಟ್ಟಲೋಲ್ಲಟನ ಮತದಲ್ಲಿ ರಸ ಮುಖ್ಯವಾಗಿ ಇರುವುದು ನಿಜವಾದ ರಾಮನಲ್ಲಿ. ರಾಮನ ವೇಷ ಹಾಕಿದ ನಟನಲ್ಲಿ ತೋರುವುದು ಗೌಣ. ಅಂತೆಯೇ 24.8 ಎಂಬುದು ಮುಖ್ಯವಾಗಿ ಇರುವುದು ಪರೀಕ್ಷಾಲಯದ ಕಾರಿನಲ್ಲಿ. ಅದು ಉರುಳೆಗಳ ಮೇಲೆ ಚಕ್ರ ತಿರುಗಿಸುತ್ತ, ಗಂಟೆಗೆ 90 ಕಿಲೋಮೀಟರ್ ಮೀರದ ನಿಗದಿತ ವೇಗಗಳಲ್ಲಿ ಓಡಿ, ನಿಂತ ಜಾಗದಲ್ಲೇ ಸಿದ್ಧಿ ಪಡೆದ ಮಹಾತ್ಮ. ಅದಕ್ಕೆ ಎಮ್ಮೆ ಅಡ್ಡ ಬರುವುದಿಲ್ಲ, ಊರವರೇ ರಾತ್ರೋರಾತ್ರಿ ಹಾಕಿದ ಹಂಪು ಸಿಗುವುದಿಲ್ಲ, ಹಿಂದಿನ ಸೀಟಿನಿಂದ "ಏಸಿ ಇನ್ನೂ ಸ್ವಲ್ಪ ಜಾಸ್ತಿ ಮಾಡ್ರೀ" ಎಂಬ ದನಿ ಕೇಳುವುದಿಲ್ಲ. ಹೊಸ ಸ್ವಿಫ್ಟಿನಲ್ಲಿ ಹಿಂದಿನ ಸೀಟಿಗೂ ಏಸಿ ಕಿಂಡಿ ಕೊಟ್ಟಿರುವುದರಿಂದ ಆ ದನಿಗೆ ಈಗ ಹಕ್ಕೂ ಬಂದಿದೆ. ಕುವೆಂಪುನಗರದ ಕಾರು ಆ ರಾಮನ ಪಾತ್ರಧಾರಿ ಮಾತ್ರ. ಕಿರೀಟ ಹದಿನಾರಕ್ಕೆ ಜಾರಿತೆಂದು ಪಾತ್ರಧಾರಿಯನ್ನು ಬಯ್ಯುವುದು ಸಲ್ಲದು.

ಶ್ರೀಶಂಕುಕ ಇದನ್ನು ಒಪ್ಪುವುದಿಲ್ಲ. ರಸವನ್ನು ಅನುಮಾನದಿಂದ ತಿಳಿಯಬೇಕು ಎನ್ನುವ ಈತನ ಚಿತ್ರತುರಗ ನ್ಯಾಯ ಪ್ರಸಿದ್ಧ: ಚಿತ್ರದ ಕುದುರೆಯನ್ನು ಕುದುರೆ ಎನ್ನುವ ತಿಳಿವು ನಿಜವೂ ಅಲ್ಲ, ಸುಳ್ಳೂ ಅಲ್ಲ, ಸಂಶಯವೂ ಅಲ್ಲ, ಸಾದೃಶ್ಯವೂ ಅಲ್ಲ. ಸ್ಟಿಯರಿಂಗಿನ ಹಿಂದೆ ಮಿನುಗುವ 21.4 ಎಂಬ ಅಂಕಿಗೆ ಇದಕ್ಕಿಂತ ನಿಖರವಾದ ವಿವರಣೆಯನ್ನು ಯಾವ ಎಂಜಿನಿಯರೂ ಕೊಟ್ಟಿಲ್ಲ. ಟ್ಯಾಂಕ್ ಫುಲ್ ಮಾಡಿಸಿ, ಓಡಿಸಿ, ಮತ್ತೆ ಫುಲ್ ಮಾಡಿಸಿ, ಬಂಕಿನ ಚೀಟಿಯ ಬೆನ್ನಿಗೆ ಭಾಗಾಕಾರ ಮಾಡುವ ಒಂದು ಚಾರ್ವಾಕ ಪಂಥವೂ ಇದೆ. ಅವರ ಉತ್ತರ ಸರಿಯಾಗಿರುತ್ತದೆ. ಆ ಕಾರಣಕ್ಕೇ ಅವರನ್ನು ಯಾರೂ ಮಾತಿಗೆ ಸೇರಿಸಿಕೊಳ್ಳುವುದಿಲ್ಲ.

ಭಟ್ಟನಾಯಕನ ಸಾಧಾರಣೀಕರಣವನ್ನು ಮದುವೆಮನೆಯ ಊಟದ ಪಂಕ್ತಿಯಲ್ಲಿ ನೋಡಬೇಕು. ಇಲ್ಲಿ ಮೈಲೇಜು ಇಂಥವನ ಕಾರಿನದು ಎಂಬ ಬಂಧನದಿಂದ ಕಳಚಿಕೊಂಡು ಎಲ್ಲರದ್ದೂ ಆಗುತ್ತದೆ. "ನಮ್ ಆಫೀಸಲ್ಲಿ ಒಬ್ರಿಗೆ ಹೈವೇಲಿ ಇಪ್ಪತ್ತೆಂಟು ಬಂದಿದೆ" ಎನ್ನುವಾಗ ಹೇಳಿದವನಿಗೂ ಕೇಳಿದವನಿಗೂ, ಚಿತ್ರಾನ್ನ ಬಡಿಸುತ್ತಿದ್ದವನಿಗೂ ಸಮಾನ ಆನಂದ. ಆ ಒಬ್ಬರು ಯಾರೆಂದು ವಿಚಾರಿಸುವವನು ಅರಸಿಕ.

ಆದರೆ ಸಿದ್ಧಾಂತ ಅಭಿನವಗುಪ್ತನದೇ. ರಸ ಅಭಿವ್ಯಕ್ತವಾಗುವುದು ಸಹೃದಯನಲ್ಲಿ. ಮೈಲೇಜು ನಿರ್ಧಾರವಾಗುವುದು ಕೇಳುವವನಲ್ಲಿ. ಇದಕ್ಕೆ ಒಂದೇ ದಿನದ, ಒಂದೇ ಕಾರಿನ, ಒಂದೇ ನಾಲಿಗೆಯ ಸಾಕ್ಷ್ಯವಿದೆ. ಮೈಸೂರಿನಿಂದ ಹಾಸನಕ್ಕೆ ಗೃಹಪ್ರವೇಶಕ್ಕೆಂದು ಹೋದ ಒಡೆಯನನ್ನು ಶಾಮಿಯಾನದ ಬಾಗಿಲಲ್ಲೇ ಹೆಣ್ಣು ಕೊಟ್ಟ ಮಾವ ತಡೆದು, "ಹಳೇದೇ ಚೆನ್ನಾಗಿತ್ತಲ್ಲಪ್ಪ, ನಾಲ್ಕು ಸಿಲಿಂಡರು. ಇದೆಷ್ಟು ಕೊಡುತ್ತೆ?" ಎಂದರು. "ಇಪ್ಪತ್ತೆರಡಕ್ಕೆ ಮೋಸ ಇಲ್ಲ ಮಾವ" ಎಂದ. ಕೈತೊಳೆಯುವ ನಲ್ಲಿಯ ಹತ್ತಿರ ಷಡ್ಡಕ ಸಿಕ್ಕಿದ. ಆತನದು ಎರಡು ಟನ್ನಿನ ಡೀಸೆಲ್ ಗಾಡಿ, ನಿಲ್ಲಿಸಲು ಎರಡು ಸೈಟು ಬೇಕು. ಅವನು ಕೇಳುವ ಮೊದಲೇ ನಮ್ಮವನು, "ಇಪ್ಪತ್ತೈದು ಬಂತು ಮಾರಾಯಾ, ಏಸಿ ಹಾಕ್ಕೊಂಡು" ಎಂದ. ಎಲೆಯಡಿಕೆ ಹಾಕುವ ಹೊತ್ತಿಗೆ ಆಫೀಸಿನ ಸಹೋದ್ಯೋಗಿಯೊಬ್ಬರು ಬಂದು, ಇನ್ನು ಮುಂದೆ ಇಬ್ಬರೂ ಒಟ್ಟಿಗೇ ಹೋಗೋಣ, ಪೆಟ್ರೋಲು ಸಮಸಮ ಹಾಕೋಣ ಎಂಬ ಸೂಚನೆ ಮುಂದಿಟ್ಟರು. "ಆಗ್ಲಿ ಸಾರ್. ಆದ್ರೆ ಸಿಟೀಲಿ ಹದಿನಾಲ್ಕು ಬಂದ್ರೆ ನಮ್ ಪುಣ್ಯ" ಎಂದ. ಮೂರು ಉತ್ತರಗಳಲ್ಲಿ ಯಾವುದು ದಿಟ ಎಂದು ಕೇಳುವುದು ತರ್ಕದೋಷ. ಮೂರೂ ಆಯಾ ಸಹೃದಯನಲ್ಲಿ ವಾಸನಾರೂಪವಾಗಿ ಮೊದಲೇ ಇದ್ದವು, ಒಡೆಯ ಬರೀ ತೆರೆ ಸರಿಸಿದ. ಎಲೆಕ್ಟ್ರಿಕ್ ಕಾರಿಟ್ಟವನು ಎದುರಾದರೆ ಮಾತ್ರ ಅಭಿನವಗುಪ್ತ ಹೇಳಿದ ರಸವಿಘ್ನ ಸಂಭವಿಸುತ್ತದೆ. ಅಂಥಲ್ಲಿ ಮಳೆ ಬೆಳೆಯ ಮಾತೆತ್ತುವುದೇ ದಾರಿ.

ಕೊನೆಯಲ್ಲಿ ಖಿಲಭಾಗವೊಂದನ್ನು ಸೇರಿಸದೆ ವಿಧಿಯಿಲ್ಲ. ಪುಟ್ಟ ಕಾರು ಎಂಬುದಕ್ಕೆ ಲಕ್ಷಣ ಬರೆದವರು ಕಾರು ಮಾಡುವವರಲ್ಲ, ತೆರಿಗೆ ಹಾಕುವವರು. 2006ರ ಕೇಂದ್ರ ಬಜೆಟ್ಟಿನಿಂದೀಚೆಗೆ ಪೆಟ್ರೋಲ್ ಕಾರಾದರೆ ಉದ್ದ ನಾಲ್ಕು ಮೀಟರ್, ಎಂಜಿನ್ 1200 ಸಿಸಿ ಮೀರಬಾರದು. ಸ್ವಿಫ್ಟಿನ ಉದ್ದ 3860 ಮಿಲಿಮೀಟರ್, ಎಂಜಿನ್ 1197. ಅತಿವ್ಯಾಪ್ತಿ ದೋಷದಿಂದ ಮೂರೇ ಸಿಸಿ ಈಚೆಗೆ ನಿಂತ ಇಂಥ ಶಿಸ್ತು ನಮ್ಮ ಆಲಂಕಾರಿಕರಿಗೂ ಸಾಧಿಸಿರಲಿಲ್ಲ. ಈ ವರ್ಗದ ಮೇಲೆ ಶೇ. 28 ಜಿಎಸ್‌ಟಿ, ಮೇಲೊಂದು ಸೆಸ್ ಇದ್ದದ್ದು 2025ರ ಸೆಪ್ಟೆಂಬರ್ 22ರಂದು, ನವರಾತ್ರಿಯ ಮೊದಲ ದಿನವೇ, ಶೇ. 18ಕ್ಕೆ ಇಳಿಯಿತು. ಸ್ವಿಫ್ಟಿನ ಬೆಲೆಯಲ್ಲಿ 84,600 ರೂಪಾಯಿಯವರೆಗೆ ಕಡಿತವಾಯಿತು.

ಇಲ್ಲಿಂದ ಕರುಣರಸ. ಆಷಾಢದಲ್ಲಿ ಬೇಡವೆಂದು ತಡೆದು, ಶ್ರಾವಣ ಬರಲೆಂದು ಕಾದು, ಆಗಸ್ಟ್ 8ರ ವರಮಹಾಲಕ್ಷ್ಮಿ ಹಬ್ಬದಂದೇ ಡೆಲಿವರಿ ತೆಗೆದುಕೊಂಡವರಿದ್ದಾರೆ. ಲಕ್ಷ್ಮಿ ಮನೆಗೆ ಬರುವ ದಿನ ಯಾವ ಬಾಗಿಲಿಂದ ಹೊರಟಳೆಂದು ಅವರಿಗೆ ಗೊತ್ತಾಗಲು ಆರು ವಾರ ಬೇಕಾಯಿತು. ಹಿಡಿಕೆ ಈಗ ಸುಲಭವಾಗಿ ಸಿಗುತ್ತದಲ್ಲ. ಅಂಥ ಒಡೆಯನೊಬ್ಬನನ್ನು ವಿಜಯದಶಮಿಯ ಬನ್ನಿ ಕೊಡುವಾಗ ಷಡ್ಡಕ ಹಿಡಿದುಕೊಂಡ. "ಒಂದೂವರೆ ತಿಂಗಳು ತಡೆದಿದ್ರೆ ಎಂಬತ್ತು ಸಾವಿರ ಉಳೀತಿತ್ತಲ್ಲೋ?" ಒಡೆಯ ಬನ್ನಿಯನ್ನು ಜೇಬಿಗಿಟ್ಟುಕೊಂಡು, ನಿಧಾನವಾಗಿ, "ಉಳೀತಿತ್ತು. ಆದ್ರೆ ನನ್ ಗಾಡಿ ಬಂದ ಬ್ಯಾಚೇ ಬೇರೆ. ಮೊನ್ನೆ ಎಕ್ಸ್‌ಪ್ರೆಸ್‌ವೇಲಿ ಇಪ್ಪತ್ತೇಳು ಬಂತು" ಎಂದ.