ಶಿರಸ್ತೇದಾರರ ಕಾಲು ಪೈಸೆ

ಗತವನ್ನು ತ್ಯಜಿಸಿ ನೂತನವನ್ನು ಆಲಿಂಗಿಸುವುದೇ ಪುರುಷಲಕ್ಷಣವೆಂದು ಬೀದಿಯ ಹುಡುಗರಿಗೆಲ್ಲ ಬೋಧಿಸುತ್ತಿದ್ದ ನಿವೃತ್ತ ಶಿರಸ್ತೇದಾರರು, 1963ರ ಮಾರ್ಚಿಯ ಒಂದು ಸಂಜೆ, ವೀಳ್ಯದೆಲೆಯ ಕವಳಿಗೆಯನ್ನು ಎಡಗೈಯಲ್ಲಿ ಹಿಡಿದು, ಅದರ ತೊಟ್ಟುಗಳನ್ನು ಒಂದೊಂದಾಗಿ ಚಿವುಟಿ ಪರೀಕ್ಷಿಸುತ್ತ, ಶೆಟ್ಟರ ಅಂಗಡಿಯ ಮುಂದೆ ವ್ಯಾಜ್ಯಕ್ಕೆ ನಿಂತಿದ್ದರು.

"ಎಷ್ಟಯ್ಯ?"

"ಹತ್ತೊಂಬತ್ತು ನಯಾ ಪೈಸೆ, ಸ್ವಾಮಿ."

"ಮೂರಾಣೆ ಎನ್ನಬಾರದೆ? ಮೂರಾಣೆಗೆ ಹದಿನೆಂಟೂ ಮುಕ್ಕಾಲು. ಉಳಿದ ಕಾಲು ಪೈಸೆ ಯಾರ ಗಂಟು?"

"1957ರ ಏಪ್ರಿಲ್ 1ರಿಂದಲೇ ರೂಪಾಯಿಗೆ ನೂರಾಯಿತಲ್ಲ, ಬುದ್ಧಿ! ಬದಲಾಗಬೇಕೆಂದು ನಿನ್ನೆ ತಾವೇ ಅಪ್ಪಣೆ ಕೊಡಿಸಿದಿರಿ."

"ಅದು ಹುಡುಗರಿಗೆ. ವಯೋವೃದ್ಧರ ಪರಿವರ್ತನೆ ದಫ್ತರಿನ ಕಡತದಂತೆ ಕ್ರಮೇಣ ಸಾಗತಕ್ಕದ್ದು." (ಕಡತಗಳು ಸಾಗುವ ವೇಗವನ್ನು ಅವರಷ್ಟು ಬಲ್ಲವರು ಊರಿನಲ್ಲಿ ಮತ್ತೊಬ್ಬರಿರಲಿಲ್ಲ.) "ನೋಡಿಲ್ಲಿ ಈ ಲೆಕ್ಕದ ಪುಸ್ತಕದಲ್ಲಿ, ಅಂದಿನಿಂದ ದಿನಕ್ಕೊಂದು ಕಾಲು ಪೈಸೆಯಂತೆ ನಿನ್ನಿಂದ ನನಗೆ ಬರಬೇಕಾದದ್ದು ಐದು ರೂಪಾಯಿ ಏಳಾಣೆ!"

ಶೆಟ್ಟರು ಗಲ್ಲಾಪೆಟ್ಟಿಗೆಯನ್ನು ತೆರೆದರು. "ಇಗೋ, ಐದು ರೂಪಾಯಿ ನಲವತ್ತನಾಲ್ಕು ನಯಾ ಪೈಸೆ. ಬಾಕಿ ಚುಕ್ತಾ, ಆ ಪುಸ್ತಕವನ್ನು ಹರಿದೊಗೆಯಿರಿ."

"ಇದರಲ್ಲಿ ಕಾಲು ಪೈಸೆ ಹೆಚ್ಚಿದೆಯಲ್ಲಯ್ಯ! ಪರರ ಋಣವನ್ನು ಹೊರುವ ವಂಶವಲ್ಲ ನಮ್ಮದು" ಎಂದವರೇ ಹಣವನ್ನು ಮುಟ್ಟದೆ, ಲೆಕ್ಕದ ಪುಸ್ತಕದಲ್ಲಿ ಹೊಸದೊಂದು ಹಾಳೆಯನ್ನು ತಿರುವಿದರು.