ಕೋಣದ ಹಲ್ಲು, ಹುಡುಗನ ಕಾಲು

ಕಾರ್ಕಳದ ಮಿಯ್ಯಾರಿನಲ್ಲಿ ಲವ-ಕುಶ ಜೋಡುಕರೆ, ಕಾಪು ತಾಲ್ಲೂಕಿನ ಕಟಪಾಡಿ ಬೀಡಿನಲ್ಲಿ ಮೂಡು-ಪಡು. ಕೆಸರಿನ ‘ಕರೆ’ಯಲ್ಲಿ, ಅಂದರೆ ಓಟದ ಹಾದಿಯಲ್ಲಿ, ಕೋಣಗಳನ್ನು ಓಡಿಸುವ ಕಂಬಳವೆಂದರೆ ಮಣಿಪಾಲದ ಲ್ಯಾಪ್‌ಟಾಪುಗಳೂ ಮುಚ್ಚುತ್ತವೆ. ಎಣ್ಣೆ ತಿಕ್ಕಿಸಿಕೊಂಡು, ಹುರುಳಿ ತಿಂದು, ವಾದ್ಯದೊಂದಿಗೆ ಕರೆಗಿಳಿಯುವ ಕೋಣಗಳ ಗತ್ತು ಮದುಮಗನಿಗೂ ಇಲ್ಲ. ಓಡಿಸುವವನದ್ದು ಬರಿಗಾಲು.

‘ಕಿರಿಯ’, ‘ಹಿರಿಯ’ ವಿಭಾಗ ನಿರ್ಧರಿಸುವುದು ಕೋಣದ ಹಲ್ಲು ನೋಡಿ. ಹುಡುಗನ ಹಲ್ಲನ್ನು ಯಾರೂ ಕೇಳುವುದಿಲ್ಲ. ಅದು ಕಚ್ಚಿಕೊಂಡು ಓಡುವುದಕ್ಕಷ್ಟೇ!

ಈ ಓಟಕ್ಕೂ ಪಾಠಶಾಲೆಯುಂಟು. ಮಿಯ್ಯಾರಿನ ಕಂಬಳ ಅಕಾಡೆಮಿಯಲ್ಲಿ ಯುವಕರು ತರಬೇತಿ ಪಡೆದಿದ್ದಾರೆ. 2020ರಲ್ಲಿ ಐಕಳದಲ್ಲಿ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಮುಗಿಸಿದ ಶ್ರೀನಿವಾಸ ಗೌಡರನ್ನು ಜಗತ್ತು ಉಸೇನ್ ಬೋಲ್ಟ್‌ಗೆ ಹೋಲಿಸಿತು. ಕೆಲವೇ ದಿನಗಳಲ್ಲಿ ವೇಣೂರಿನಲ್ಲಿ ಬಜಗೋಳಿಯ ನಿಶಾಂತ್ ಶೆಟ್ಟಿ ಇನ್ನೂ ಬಿರುಸಾಗಿ ಓಡಿದರು. ಪಾಪ, ಬೋಲ್ಟ್‌ಗೆ ಕೋಣಗಳಿರಲಿಲ್ಲ.

ನೋಡಲು ಹೋಗುವವರು ಬಿಳಿ ಪಂಚೆ ಮಾತ್ರ ಉಡಬೇಡಿ.