ಕರಿ ಒಂದರ ಮನೆಯಲ್ಲಿ ಬಿಳಿ ಒಂದರ ಫ್ಯಾನು

ಧಾರವಾಡದ ಮಾಳಮಡ್ಡಿಯ ಹಂಚಿನ ಮನೆಯೊಂದರಲ್ಲಿ ಮೊನ್ನೆ ಭಾನುವಾರ ನಾಲ್ಕು ಸೆಂಟಿಮೀಟರ್ ಅಗಲದ ನೌಕರನೊಬ್ಬನ ಸೇವಾನಿವೃತ್ತಿ ನಡೆಯಿತು. ಶಾಲು, ಹಾರ, ಹಣ್ಣಿನ ಬುಟ್ಟಿ ಯಾವುದೂ ಇರಲಿಲ್ಲ. ಮೇಜಿನ ಮೇಲೆ ಸ್ಕ್ರೂ ಡ್ರೈವರ್, ಹತ್ತಿ, ಐಸೊಪ್ರೊಪೈಲ್ ಆಲ್ಕೋಹಾಲಿನ ಸೀಸೆ, ಥರ್ಮಲ್ ಪೇಸ್ಟಿನ ಟ್ಯೂಬು ಇದ್ದವು. ನಿವೃತ್ತರಾಗುವವರು ಗ್ರಾಫಿಕ್ಸ್ ಕಾರ್ಡಿನ ಫ್ಯಾನು. 2004ರಲ್ಲಿ ಸೇವೆಗೆ ಸೇರಿದವರು. ಅವರನ್ನು ಮಾತಾಡಿಸಲು ಹೋದ ಪತ್ರಿಕಾ ಪ್ರತಿನಿಧಿ ಮನೆ ಯಾವುದೆಂದು ಯಾರನ್ನೂ ಕೇಳಬೇಕಾಗಲಿಲ್ಲ. ಸದ್ದು ಗೇಟಿನವರೆಗೆ ಬಂದು ಕರೆದುಕೊಂಡು ಹೋಯಿತು.

ಮನೆಯ ಯಜಮಾನರು ಸಂಗೀತದ ಮಾಸ್ತರರು. ತಮ್ಮ ಗುರುಗಳ ಹಳೆಯ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸುವುದು, ಶಿಷ್ಯರ ಹಾಡಿಕೆಯನ್ನು ಮೈಕಿನಲ್ಲಿ ಹಿಡಿದಿಡುವುದು ಅವರ ನಿತ್ಯದ ಕೆಲಸ. ಹೊಸ ಕಂಪ್ಯೂಟರ್ ಕೊಳ್ಳಬಹುದಿತ್ತು. ಆದರೆ ಅವರು ನೆಚ್ಚಿಕೊಂಡ ಸೌಂಡ್ ಕಾರ್ಡು ಪಿಸಿಐ ಎಂಬ ಹಳೆಯ ಸ್ಲಾಟಿನ ಕಾಲದ್ದು, ಈಗಿನ ಬಹುತೇಕ ಮದರ್‌ಬೋರ್ಡುಗಳಲ್ಲಿ ಅದಕ್ಕೆ ಜಾಗವೇ ಇಲ್ಲ. ಹಾಗಾಗಿ ಯಂತ್ರ ಉಳಿಯಿತು, ಫ್ಯಾನು ಹೊರಡಬೇಕಾಯಿತು.

“ಇಷ್ಟು ಗದ್ದಲ ಯಾಕೆ ಮಾಡುತ್ತೀರಿ?” ಪ್ರತಿನಿಧಿಯ ಮೊದಲ ಪ್ರಶ್ನೆಯೇ ನೇರವಾಗಿತ್ತು.

ಫ್ಯಾನ್ ರಾಯರಿಗೆ ಸಿಟ್ಟು ಬಂತು. “ಗದ್ದಲ ಅಲ್ಲರಿ ಅದು, ಸ್ವರ! ನಿಮಿಷಕ್ಕ 4,500 ಸುತ್ತು ತಿರಗತೀನಿ. ರೆಕ್ಕಿ ಏಳು ಅದಾವ. ಲೆಕ್ಕಾ ಮಾಡ್ರಿ.”

ಪ್ರತಿನಿಧಿ ಲೆಕ್ಕ ಮಾಡಿದರು. ಸೆಕೆಂಡಿಗೆ 75 ಸುತ್ತು, ಸುತ್ತಿಗೆ ಏಳು ರೆಕ್ಕೆ, ಒಟ್ಟು 525 ಹರ್ಟ್ಜ್. ಹಾರ್ಮೋನಿಯಂನ ಬಿಳಿ ಒಂದನ್ನು ಷಡ್ಜ ಮಾಡಿಕೊಂಡರೆ ಅದರ ತಾರ ಷಡ್ಜ 523. ರಾಯರು ಹೇಳಿದ್ದು ಸುಳ್ಳಲ್ಲ, ಅವರು ಹಾಡುತ್ತಿರುವುದು ಸ್ವರವೇ. ಮಾಸ್ತರರ ಶ್ರುತಿ ಕರಿ ಒಂದು ಎಂಬುದಷ್ಟೇ ತೊಡಕು. ತಂಬೂರಿಗೆ ಅರ್ಧ ಸ್ವರ ಕೆಳಗೆ ಕುಳಿತು ಇಪ್ಪತ್ತು ವರ್ಷ ಬಿಡದೆ ಹಾಡಿದವರ ಬಗ್ಗೆ ಸಂಗೀತದ ಮನೆಯೊಂದು ತೋರಿಸಿದ ತಾಳ್ಮೆಯನ್ನು ಮೆಚ್ಚಲೇಬೇಕು.

ರಾಯರು ವಂಶಾವಳಿ ಬಿಚ್ಚಿದರು. “ನಮ್ಮ ದೊಡ್ಡಪ್ಪನ ಮುಂದ ನಾ ಏನೂ ಅಲ್ಲ. 2003ರಾಗ ಬಂದಾಂವ, ಜಿಫೋರ್ಸ್ ಎಫ್‌ಎಕ್ಸ್ 5800 ಅಲ್ಟ್ರಾ. ಅವನ ಸಪ್ಪಳ ಎಷ್ಟಿತ್ತಂದ್ರ, ಅವನ್ನ ಮಾಡಿದ ಎನ್ವಿಡಿಯಾ ಕಂಪನಿಯವರೇ ನಗಚಾಟಿಕಿ ವಿಡಿಯೊ ಮಾಡಿ, ಅಂಗಳದಾಗಿನ ಒಣಾ ಎಲಿ ಹಾರಸಾಕ ಅವನ್ನ ಹಚ್ಚಿದರು.” ಈ ಮಾತು ನಿಜ. ಆ ಕಾರ್ಡಿಗೆ ಜನ ಇಟ್ಟ ಅಡ್ಡಹೆಸರು ಡಸ್ಟ್‌ಬಸ್ಟರ್, ಅಂದರೆ ಕೈಯಲ್ಲಿ ಹಿಡಿದು ಧೂಳೆಳೆಯುವ ಒಂದು ಯಂತ್ರದ ಹೆಸರು. ತನ್ನ ಸರಕಿನ ಗದ್ದಲವನ್ನು ತಾನೇ ಗೇಲಿ ಮಾಡಿಕೊಂಡ ಕಂಪನಿಗಳು ಅಪರೂಪ. ನಮ್ಮ ಮಿಕ್ಸರ್ ತಯಾರಕರು ಇದನ್ನು ಗಮನಿಸಬಹುದು.

“ಮೊದಲು ನೀವು ಇಷ್ಟು ಕಿರುಚುತ್ತಿರಲಿಲ್ಲವಂತೆ?”

“ವಯಸ್ಸಾತಲ್ಲರಿ. ನಂದು ಸ್ಲೀವ್ ಬೇರಿಂಗು. ಒಳಗಿನ ಎಣ್ಣಿ ಒಣಗೇದ, ರೆಕ್ಕಿಗೆ ಧೂಳ ಮೆತ್ತೇದ. ಮಾಸ್ತರು ಒಮ್ಮೆ ಬೆನ್ನಿನ ಸ್ಟಿಕರ್ ಕಿತ್ತು ಹೊಲಿಗಿ ಮಷೀನಿನ ಎಣ್ಣಿ ಒಂದು ಹನಿ ಬಿಟ್ಟಿದ್ದರು. ಆರು ತಿಂಗಳ ಚೊಲೊ ಹೋತು.”

ಉತ್ತರಾಧಿಕಾರಿ ಮೇಜಿನ ಇನ್ನೊಂದು ತುದಿಯಲ್ಲಿತ್ತು. ತಾಮ್ರದ ಕೊಳವೆಗಳನ್ನು ಪೋಣಿಸಿದ ಅಲ್ಯೂಮಿನಿಯಂ ಹಾಳೆಗಳ ದೊಡ್ಡ ಕಂತೆ, ಹೆಸರು ಹೀಟ್‌ಸಿಂಕ್. ಪ್ರತಿನಿಧಿ ಅದಕ್ಕೂ ಮೂರು ಪ್ರಶ್ನೆ ಕೇಳಿದರು. ಒಂದಕ್ಕೂ ಉತ್ತರ ಬರಲಿಲ್ಲ. ಅದನ್ನು ಆರಿಸಿದ್ದೇ ಆ ಅರ್ಹತೆಯ ಮೇಲೆ.

ಹಾಗಾಗಿ ಅದರ ಪರವಾಗಿ ಲೇಖಕರೇ ಹೇಳಬೇಕಾಗಿದೆ. ಆ ಕೊಳವೆ ಗಟ್ಟಿ ತಾಮ್ರವಲ್ಲ. ಒಳಗೆ ಗಾಳಿ ತೆಗೆದು ಚೂರೇ ಚೂರು ನೀರು ಹಾಕಿ ಮುಚ್ಚಿರುತ್ತಾರೆ. ಒತ್ತಡ ಕಡಿಮೆಯಾದ್ದರಿಂದ ಆ ನೀರು ನೂರು ಡಿಗ್ರಿಗೆ ಕಾಯುವುದಿಲ್ಲ, ಚಿಪ್ಪಿನ ಬಿಸಿ ತಾಗಿದೊಡನೆ ಉಗಿಯಾಗಿ ಇನ್ನೊಂದು ತುದಿಗೆ ಓಡುತ್ತದೆ. ಅಲ್ಲಿ ಹಾಳೆಗಳಿಗೆ ಶಾಖ ಒಪ್ಪಿಸಿ, ಇಡ್ಲಿ ಪಾತ್ರೆಯ ಮುಚ್ಚಳದಲ್ಲಿ ಆಗುವಂತೆ ಮತ್ತೆ ಹನಿಯಾಗುತ್ತದೆ. ಕೊಳವೆಯ ಒಳಮೈಯಲ್ಲಿ ದೀಪದ ಬತ್ತಿಯಂತೆ ಹೀರುವ ಪದರವೊಂದಿದ್ದು, ಹನಿಯನ್ನು ಅದೇ ವಾಪಸು ತರುತ್ತದೆ. 1963ರಲ್ಲಿ ಅಮೆರಿಕದ ಲಾಸ್ ಅಲಾಮೋಸ್ ಪ್ರಯೋಗಾಲಯದಲ್ಲಿ ಜಾರ್ಜ್ ಗ್ರೋವರ್ ಇದನ್ನು ಮಾಡಿ ತೋರಿಸಿದರು. ಬಾಹ್ಯಾಕಾಶಕ್ಕೆಂದು ಬೆಳೆಸಿದ ವಿದ್ಯೆ ಈಗ ಮಾಳಮಡ್ಡಿಯಲ್ಲಿ ಖಯಾಲ್ ಕೇಳುವವರ ನೆರವಿಗೆ ಬಂದಿದೆ.

ರಾಯರು ಇದನ್ನೆಲ್ಲ ಕೇಳಿ ಒಂದು ಸುತ್ತು ಹೆಚ್ಚೇ ತಿರುಗಿದರು.

“ಬಿಸಿ ಗಾಳಿ ಮ್ಯಾಲೆ ಹೋಗತದ, ಖರೆ. ಆದರ ಟವರ್ ಕ್ಯಾಬಿನೆಟ್ಟಿನಾಗ ನಾವು ಹೆಂಗ ಇರ್ತೀವಿ ನೋಡೀರೇನು? ಬೋರಲು! ಚಿಪ್ಪಿನ ಮಾರಿ ನೆಲಕ್ಕ, ಬೆನ್ನು ಮ್ಯಾಲೆ. ಬಿಸಿ ಗಾಳಿ ಮ್ಯಾಲೆ ಹೋಗಬೇಕಂದ್ರ ಕಾರ್ಡಿನ ಹಲಗಿನೇ ಅಡ್ಡ. ಅದನ್ನ ನಾ ಇಷ್ಟು ವರ್ಷ ಒದ್ದು ಒದ್ದು ಹೊರಗ ಹಾಕೀನಿ. ಈ ಮೂಕ ಮನಿಶಾ ಏನು ಮಾಡತಾನ?”

ಇಡೀ ಸಂದರ್ಶನದಲ್ಲಿ ತೂಕದ ಮಾತು ಇದೇ. ಫ್ಯಾನ್ ಕಿತ್ತು ಹೀಟ್‌ಸಿಂಕ್ ಕೂರಿಸಿದರೆ ಕೆಲಸ ಮುಗಿಯಿತೆಂದು ತಿಳಿದವರು ಎಡವುವುದು ಇಲ್ಲಿಯೇ. ಕೊರಿಯಾದ ಝಾಲ್ಮನ್ ಕಂಪನಿ ತನ್ನ ಫ್ಯಾನ್‌ರಹಿತ ಕೂಲರಿನಲ್ಲಿ ಕಾರ್ಡಿನ ಎರಡೂ ಮೈಗೆ ಒಂದೊಂದು ಲೋಹದ ಫಲಕ ಕಟ್ಟಿ, ಶಾಖವನ್ನು ಕೊಳವೆಯ ಮೂಲಕ ಬೆನ್ನಿನ ಕಡೆಗೆ ದಾಟಿಸಿದ್ದು ಈ ಕಾರಣಕ್ಕೆ. ಮಾಸ್ತರರ ಉಪಾಯ ಇನ್ನೂ ಸರಳ: ಕ್ಯಾಬಿನೆಟ್ಟನ್ನೇ ಮಗ್ಗುಲಿಗೆ ಮಲಗಿಸಿದರು. ಬೋರಲಾಗಿದ್ದ ಕಾರ್ಡು ನೆಟ್ಟಗೆ ನಿಂತಿತು, ಹಾಳೆಗಳ ನಡುವೆ ಗಾಳಿಗೆ ದಾರಿ ಸಿಕ್ಕಿತು.

ಆದರೂ ಶಾಖವೆಂಬುದು ಸರ್ಕಾರಿ ಕಡತದಂತೆ; ಒಬ್ಬರ ಮೇಜಿನಿಂದ ಎತ್ತಿದರೆ ಇನ್ನೊಬ್ಬರ ಮೇಜಿಗೆ ಬೀಳುತ್ತದೆ. ಕಾರ್ಡಿನ 40 ವ್ಯಾಟ್ ಕ್ಯಾಬಿನೆಟ್ಟಿನೊಳಗೇ ಉಳಿದರೆ ಪಕ್ಕದ ಕೆಪಾಸಿಟರ್‌ಗಳು ಅನುಭವಿಸುತ್ತವೆ. ಹತ್ತು ಡಿಗ್ರಿ ಏರಿದರೆ ಅವುಗಳ ಆಯುಸ್ಸು ಅರ್ಧ ಎಂಬುದು ಎಲೆಕ್ಟ್ರಾನಿಕ್ಸಿನವರ ಅಂದಾಜು ಲೆಕ್ಕ. ಕಡತವನ್ನು ಕಚೇರಿಯಿಂದ ಹೊರಗೆ ಸಾಗಿಸಲು ಕ್ಯಾಬಿನೆಟ್ಟಿನ ಹಿಂಬದಿಗೆ 12 ಸೆಂಟಿಮೀಟರಿನ ಫ್ಯಾನೊಂದು ಬೇಕೇ ಬೇಕು.

“ನೋಡ್ರಿ, ಕಡೀಕ ನಮ್ಮವರೇ ಬೇಕಾತು!” ಎಂದು ರಾಯರು ಹಿಗ್ಗಿದರು.

ಬೇಕು, ಆದರೆ ಬೇರೆ ಸ್ವಭಾವದವರು. ಅದರ ವಿಸ್ತಾರ ರಾಯರ ಒಂಬತ್ತರಷ್ಟು, ಹಾಗಾಗಿ ಓಡಬೇಕಿಲ್ಲ, ನಡೆದರೆ ಸಾಕು. ಫ್ಯಾನಿನ ವೇಗವನ್ನು ಅರ್ಧಕ್ಕಿಳಿಸಿದರೆ ಗಾಳಿ ಅರ್ಧವಾಗುತ್ತದೆ, ಸದ್ದು ಮಾತ್ರ ಸುಮಾರು 15 ಡೆಸಿಬಲ್ ಇಳಿಯುತ್ತದೆ. ಇಷ್ಟು ಲಾಭದ ವ್ಯವಹಾರ ಬೇರೆಲ್ಲೂ ಸಿಗದು. 12 ವೋಲ್ಟಿನ ಫ್ಯಾನಿಗೆ ಏಳು ವೋಲ್ಟಷ್ಟೇ ಕೊಟ್ಟು ಮೆಲ್ಲಗೆ ತಿರುಗಿಸುವುದು ಸದ್ದಿಲ್ಲದ ಕಂಪ್ಯೂಟರಿನ ಹುಚ್ಚು ಹತ್ತಿದವರ ಹಳೆಯ ಚಾಳಿ.

ಫ್ಯಾನೇ ಇಲ್ಲದ ಯಂತ್ರದ ಕನಸು ಕಂಡವರೂ ಇದ್ದಾರೆ. 1980ರ ಆ್ಯಪಲ್ 3 ಕಂಪ್ಯೂಟರಿನಲ್ಲಿ ಫ್ಯಾನ್ ಬೇಡವೆಂದು ಸ್ಟೀವ್ ಜಾಬ್ಸ್ ಹಟ ಹಿಡಿದರು. ಯಂತ್ರ ಕಾದು, ಒಳಗಿನ ಚಿಪ್ಪುಗಳು ಸಾಕೆಟ್ಟಿನಿಂದ ಮೇಲೇಳತೊಡಗಿದವು. ಎರಡು-ಮೂರು ಅಂಗುಲ ಎತ್ತಿ ಮೇಜಿನ ಮೇಲೆ ಕುಕ್ಕಿ ನೋಡಿ ಎಂದು ಕಂಪನಿಯೇ ಸಲಹೆ ಕೊಟ್ಟಿತಂತೆ. ರೇಡಿಯೋಗೆ ಹೀಗೆಯೇ ಗುದ್ದುತ್ತಿದ್ದ ನಮ್ಮ ಅಜ್ಜಂದಿರು ಇಂಜಿನಿಯರುಗಳೆಂದು ಯಾರಿಗೂ ಹೊಳೆದಿರಲಿಲ್ಲ.

“ಕೊನೆಯದಾಗಿ, ನಿಮ್ಮ ಉತ್ತರಾಧಿಕಾರಿಗೆ ಏನಾದರೂ ಹೇಳುವುದಿದೆಯೇ?”

“ಕಲಬುರಗಿಗೆ ವರ್ಗಾ ಮಾಡಿಸಿಕೋಬ್ಯಾಡ ಅಂತ ಹೇಳ್ರಿ.”

ಇದು ಹೊಟ್ಟೆಕಿಚ್ಚಿನ ಮಾತಲ್ಲ, ಕೂಡುವ ಲೆಕ್ಕ. ಒಂದು ವ್ಯಾಟಿಗೆ ಒಂದು ಡಿಗ್ರಿ ಏರುವ ಹೀಟ್‌ಸಿಂಕ್ ಎಂದಿಟ್ಟುಕೊಳ್ಳಿ. ಕೋಣೆ 28 ಡಿಗ್ರಿ, ಕ್ಯಾಬಿನೆಟ್ಟಿನೊಳಗೆ ಏಳು ಹೆಚ್ಚು, ಅದರ ಮೇಲೆ ಕಾರ್ಡಿನ 40. ಚಿಪ್ಪು 75ಕ್ಕೆ ನಿಲ್ಲುತ್ತದೆ. ಮೇ ತಿಂಗಳ ಕಲಬುರಗಿಯಲ್ಲಿ ಕೋಣೆಯೇ 42 ಆದರೆ ಅದೇ ಚಿಪ್ಪು 89. ಇಪ್ಪತ್ತು ಡಿಗ್ರಿಯ ಯುರೋಪಿನ ಕೋಣೆಯಲ್ಲಿ ಅಳೆದು ಡಬ್ಬದ ಮೇಲೆ ಬರೆದ ಭರವಸೆಗಳನ್ನು ನಮ್ಮ ಬೇಸಿಗೆ ಓದಿರುವುದಿಲ್ಲ.

ಹನ್ನೊಂದು ಗಂಟೆಗೆ ಮಾಸ್ತರರು ಸ್ಪ್ರಿಂಗಿನ ಎರಡು ಪ್ಲಾಸ್ಟಿಕ್ ಪಿನ್ನು ಒತ್ತಿ ರಾಯರನ್ನು ಬಿಡಿಸಿದರು. ಕಲ್ಲಾಗಿದ್ದ ಹಳೆಯ ಪೇಸ್ಟು ಒರೆಸಿ, ಹೆಸರುಕಾಳಿನಷ್ಟು ಹೊಸದು ಇಟ್ಟು, ತೂತುಗಳಿಗೆ ಹೊಂದಿಸಿ ಹೀಟ್‌ಸಿಂಕ್ ಕೂರಿಸಿದರು. ಅದು ಪಕ್ಕದ ಸ್ಲಾಟಿನ ಜಾಗವನ್ನೂ ನುಂಗಿತು. ಸ್ವಿಚ್ ಹಾಕಿದಾಗ ಮನೆ ನಿಶ್ಶಬ್ದವಾಯಿತು. ಅರ್ಧ ನಿಮಿಷ. ಆಮೇಲೆ ಕಟಕಟ ಎಂಬ ಸದ್ದು ಕೇಳಿಸಿತು. ಹಾರ್ಡ್ ಡಿಸ್ಕು ಇಪ್ಪತ್ತು ವರ್ಷದಿಂದ ಹಾಗೆಯೇ ಸದ್ದು ಮಾಡುತ್ತಿತ್ತು. ರಾಯರ ಹಾಡಿನಲ್ಲಿ ಅದು ಯಾರ ಕಿವಿಗೂ ಬಿದ್ದಿರಲಿಲ್ಲ.

ರಾಯರು ಈಗ ತಂಬೂರಿಯ ಹಳೆಯ ತಂತಿಗಳನ್ನಿಡುವ ಡಬ್ಬಿಯಲ್ಲಿದ್ದಾರೆ, ಎರಡು ಪಿನ್ನುಗಳ ಸಮೇತ. ಈ ಕೆಲಸಕ್ಕೆ ಕೈಹಾಕುವ ಓದುಗರೂ ಒಂದು ಬೇಸಿಗೆ ದಾಟುವವರೆಗೆ ಪಿನ್ನುಗಳನ್ನು ಎಸೆಯದಿರಲಿ.